ಖಂಡೆಪೂಜೆಯ ದಿನ ಆರಿಸಿದ ಡಿಸ್ಕು

ಸ್ನಾನ ಮುಗಿಸಿ ಅಂಗಡಿಗೆ ಬಂದಾಗ ಕಂಪ್ಯೂಟರ್ ಆರಿತ್ತು. ಪರದೆಗೆ ಕುಂಕುಮ ಹಚ್ಚಿ, ಮೇಲೆ ಚೆಂಡು ಹೂವಿಟ್ಟಿದ್ದರು.

"ಯಾರು ಆರಿಸಿದ್ರು?"

"ನಾನs," ಎಂದರು ಭಾವ ವಾಮನರಾವ್. "ಖಂಡೆಪೂಜಿ ದಿನ ಹತ್ಯಾರಕ್ಕ ವಿಶ್ರಾಂತಿ ಇರಬೇಕೋ ಬ್ಯಾಡೋ? ನೀ ಬಿ.ಎಸ್ಸಿ. ಆದಿ ಅಂತ ಪದ್ಧತಿ ಬದಲಾಗ್ತದೇನಲೇ?"

"ಆರಿಸಿದ್ರ ಹಳೇ ಡಿಸ್ಕ್ ಮತ್ತ ಏಳೂದಿಲ್ಲ ಅಂತ ಹೇಳಿದ್ನಿಲ್ರಿ?"

"ನೀ ಹೇಳೂದು ಭಾಳ. ಅದರಾಗ ಯಾವ್ದು ಕೇಳಬೇಕು?"

ಅಕ್ಕ ಪ್ರಮಿಲಾ ಆರತಿ ತಟ್ಟೆ ಹಿಡಿದು ಇಬ್ಬರ ನಡುವೆ ನಿಂತಿದ್ದಳು.

ಅಫಜಲಪುರದ ಆ ಅಂಗಡಿಯಲ್ಲಿ ನಾವು ಲಗ್ನಪತ್ರಿಕೆ ಜೋಡಿಸುತ್ತಿದ್ದೆವು. ಬಿಡುವಿನಲ್ಲಿ ನಾನು ಹೊಸ ಬಗೆಯ ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದೆ. ಅವನ್ನು ತೋರಿಸಿದರೆ ದಸರೆಯ ನಂತರ ಕೆಲಸ ಕೊಡುವುದಾಗಿ ಗುಲಬರ್ಗಾದ ಮುದ್ರಣಾಲಯವೊಂದು ಹೇಳಿತ್ತು. ಫ್ಲಾಪಿಗಳಲ್ಲಿದ್ದ ನನ್ನ ಪ್ರತಿಗಳನ್ನು ಅಳಿಸಿ ಭಾವ ಹಳೇ ಗಿರಾಕಿಗಳ ಪತ್ರಿಕೆ ತುಂಬಿ ಕೊಟ್ಟುಬಿಟ್ಟಿದ್ದರು. ನನ್ನ ಅಕ್ಷರಗಳೂ ಮುಂದಿನ ಹಂಗಾಮಿನ ಪತ್ರಿಕೆಗಳೂ ಉಳಿದದ್ದು ಕರಕರ ಎನ್ನುವ ಆ ಹಳೇ ಡಿಸ್ಕಿನಲ್ಲಿ ಮಾತ್ರ. ಭಾವ ಕೊಂಡುತಂದ ಹೊಸ ಡಿಸ್ಕನ್ನು ಅದರ ಪಕ್ಕಕ್ಕೇ ಜೋಡಿಸಿ, ಲಿನಕ್ಸ್ ಹಾಕಿ, ಕಡತಗಳು ತಾವಾಗಿಯೇ ಒಂದೊಂದಾಗಿ ನಕಲಾಗುವಂತೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದೆ. ಭಾವನ ಮಾತಿನಂತೆ ಮೊದಲು ಪತ್ರಿಕೆಗಳು, ಆಮೇಲೆ ನನ್ನ ಅಕ್ಷರಗಳು. ಅದನ್ನು ಓಡಲು ಬಿಟ್ಟೇ ಸ್ನಾನಕ್ಕೆ ಹೋಗಿದ್ದೆ.

ಸ್ವಿಚ್ ಹಾಕಿದೆ. ಹೊಸ ಡಿಸ್ಕು ಎದ್ದಿತು. ಹಳೆಯದು ಟಿಕ್ ಟಿಕ್ ಎಂದಿತೇ ಹೊರತು ತಿರುಗಲಿಲ್ಲ. ಆರಿಸಿ, ಅದನ್ನು ಹೊರಗೆಳೆದು, ಅಂಗೈಗಳ ನಡುವೆ ಬೆಚ್ಚಗೆ ಹಿಡಿದುಕೊಂಡೆ. ಒಳಗೆ ಅಂಟಿಕೊಂಡದ್ದು ಬಿಡಲೆಂದು ಮಣಿಕಟ್ಟು ತಿರುವಿ ಜಾಡಿಸಿದೆ.

"ದೆವ್ವ ಬಿಡಸಾಕತ್ತೀದೇನಲೇ?" ಭಾವ ನಕ್ಕರು.

ಮತ್ತೆ ಜೋಡಿಸಿ ಸ್ವಿಚ್ ಹಾಕಿದೆ. ಕಿರುಗುಟ್ಟುತ್ತ ತಿರುಗಿತು. ಎಷ್ಟು ಹೊತ್ತು ತಿರುಗುತ್ತದೋ ಗೊತ್ತಿರಲಿಲ್ಲ. ಸ್ಕ್ರಿಪ್ಟ್ ತೆರೆದು ನನ್ನ ಅಕ್ಷರಗಳ ಸಾಲನ್ನು ಮೇಲಕ್ಕೆ ಒಯ್ದೆ.

"ಏನ್ ಬರ್ಯಾಕತ್ತಿ?"

"ಮೊದಲ ನನ್ನವು. ಆಮ್ಯಾಲ ನಿಮ್ಮವು."

ನಗು ನಿಂತಿತು. "ಅಂಗಡಿ ನಂದು. ತುಳಸಿ ಲಗ್ನ ಆತಂದ್ರ ಮದಿವಿ ಹಂಗಾಮು, ಗಿರಾಕಿ ಬಂದು ಕುತಗಿ ಹಿಡೀತಾರ."

"ಆರಿಸಿದವರು ನೀವು."

"ಉಂಡ ಮನಿಗೆ ಹಿಂಗ ಮಾಡ್ತೀ?"

ಕೀಲಿ ಒತ್ತಿದೆ. ಪರದೆಯಲ್ಲಿ ನನ್ನ ಅಕ್ಷರಗಳ ಕಡತಗಳು ಒಂದೊಂದಾಗಿ ದಾಟಿದವು. ಕೊನೆಯದೂ ಬಂತು. ಲಗ್ನಪತ್ರಿಕೆಗಳು ಶುರುವಾದವು. ಕೆಲವು ಬಂದವು. ಆಮೇಲೆ ಹಳೇ ಡಿಸ್ಕು ತಗಡು ಕೆರೆದಂತೆ ಚೀರಿ ನಿಂತುಹೋಯಿತು.

"ಎಷ್ಟ ಬಂದ್ವು?"

"ನನ್ನವೆಲ್ಲಾ."

ಭಾವನ ಮುಖ ಕಪ್ಪಿಟ್ಟಿತು. "ಹೊಸಾದು ನನ್ನ ರೊಕ್ಕದ್ದು. ಹಂಗs ಇಟ್ಟು ಹೊರಗ ನಡಿ."

ಗುಲಬರ್ಗಾಕ್ಕೆ ಒಯ್ಯಲೆಂದು ಕೊಂಡಿದ್ದ ಹೊಸ ಫ್ಲಾಪಿಯನ್ನು ಜೇಬಿನಿಂದ ತೆಗೆದು ತೂರಿಸಿದೆ. ಅಕ್ಷರಗಳು ಇಳಿಯತೊಡಗಿದವು. ಭಾವನ ಕೈ ಸ್ವಿಚ್ಚಿಗೆ ಹೋಯಿತು. ಅಲ್ಲೇ ನಿಂತಿತು. ಉಳಿದಿದ್ದ ಅವರ ಕೆಲವು ಪತ್ರಿಕೆಗಳೂ ಆ ಹೊಸ ಡಿಸ್ಕಿನಲ್ಲೇ ಇದ್ದವು.

"ಈಗ ಆರಿಸಿದ್ರ ಏನಾಗ್ತದ?" ದನಿ ತಗ್ಗಿತ್ತು.

ಹೊಸ ಡಿಸ್ಕಿಗೆ ಏನೂ ಆಗಲಿಕ್ಕಿಲ್ಲವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಅವಳಿಗೂ ಹೇಳಲಿಲ್ಲ. ಫ್ಲಾಪಿಯ ಹಸಿರು ದೀಪ ಆರುವವರೆಗೆ ಭಾವ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು.