ಚೀಲದಕ್ಕನ ಕ್ಷಮಾಪಣೆ

"ಕಕ್ಕಸು ತೊಳೆಯೋಳಿಗೆ ಸರ್ಕಾರದ ವಿಚಾರ ಯಾಕೆ ಬೇಕಿತ್ತೇ? ಫೋನ್ ಮುಂದೆ ಅಷ್ಟುದ್ದ ಬಾಯಿ ತೆಗೀತಿದ್ದೆಯಲ್ಲ, ಈಗ ತೆಗಿ, ನೋಡೋಣ."

ಚೀಲದಕ್ಕ ಬಾಯಿ ತೆಗೆಯಲಿಲ್ಲ. ಹಿಂದಿನ ದಿನ ಮೇಸ್ತ್ರಿ, ಕೆಲಸದ ಪರವಾನಗಿ ಹೊಸದು ಮಾಡಿಸಬೇಕು ಎಂದು ಸುಳ್ಳು ಹೇಳಿ ಅವಳನ್ನು ಮಾಲ್‌ನ ಹಿಂಬಾಗಿಲಿಗೆ ಕರೆದು ಪೊಲೀಸರ ಗಾಡಿಗೆ ಹತ್ತಿಸಿದ್ದ. ಆಗಿನಿಂದ ಈ ಪರದೇಶದ ಠಾಣೆಯಲ್ಲಿ ಅವಳ ಮಾತು ಬಲ್ಲವರು ಒಬ್ಬರೂ ಸಿಕ್ಕಿರಲಿಲ್ಲ. ನೀರು ಬೇಕೆಂದರೂ ಕೈಸನ್ನೆ, ಕಕ್ಕಸಿಗೆ ಹೋಗಬೇಕೆಂದರೂ ಕೈಸನ್ನೆ. ಈ ಬೆಳಿಗ್ಗೆ ಅವಳದೇ ದೇಶದ ರಾಯಭಾರ ಕಚೇರಿಯ ಸಾಹೇಬ ಒಳಗೆ ಬಂದು "ಕೂತ್ಕೊ" ಎಂದಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು. ನಮ್ಮೋರು ಬಂದರಲ್ಲ, ಇನ್ನೇನು ಭಯ ಎಂದುಕೊಂಡು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದಳು. ಅಷ್ಟರಲ್ಲಿ ನಮ್ಮೋರ ಎರಡನೇ ಮಾತಾಗಿ ಈ ಬೈಗುಳ ಬಂತು.

ಚೀಲದಕ್ಕ ಎಂಬುದು ಅವಳಿಗೆ ಜನ ಇಟ್ಟ ಹೆಸರು. ಊರಲ್ಲಿ ಅವಳವ್ವ ಬೀದಿ ಗುಡಿಸುತ್ತಿದ್ದಳು, ಇಲ್ಲಿ ಇವಳು ಮಾಲ್‌ನ ಕಕ್ಕಸು ತೊಳೆಯುತ್ತಿದ್ದಳು. ಸಮುದ್ರ ದಾಟಿದರೂ ಪೊರಕೆ ಮಾತ್ರ ಕೈ ಬಿಡಲಿಲ್ಲ ಎಂದು ತಾನೇ ನಗುತ್ತಿದ್ದಳು. ಊರಿನ ಕೆರೆಯಂಚಿನಲ್ಲಿದ್ದ ಇವರ ಜನರ ಗುಡಿಸಲುಗಳನ್ನೆಲ್ಲ ಉದ್ಯಾನ ಮಾಡುತ್ತೇವೆಂದು ಸರ್ಕಾರ ಕೆಡವಿಸಿದ ಮೇಲೆ ಅವ್ವ ಟಾರ್ಪಾಲಿನ ಕೆಳಗೆ ಬಿದ್ದುಕೊಂಡಿದ್ದಾಳೆಂಬ ಸುದ್ದಿ ಬಂತು. ಆ ದಿನ ಬಕೆಟ್ಟು, ಫಿನಾಯಿಲು ಇಡುವ ಕೋಣೆಯೊಳಗೆ ನಿಂತು ಅವಳು ಫೋನಿಗೆ ಮಾತಾಡಿದಳು. "ನಮ್ ದೊಡ್ಡೋರು ಬಡವರಿಗೆ ಅಕ್ಕಿ ಹಂಚಿದಾರೆ. ಚೀಲ ಆನೆಯಷ್ಟು, ಅಕ್ಕಿ ಗುಬ್ಬಿಯಷ್ಟು. ಚೀಲದ ತುಂಬ ಅವರದೇ ಮುಖ. ಮುಖಾನೇ ಬೇಯಿಸ್ಕೊಂಡು ತಿನ್ನಿ ಅಂತ ಇರಬೇಕು." ಆ ವಿಡಿಯೊವನ್ನು ತನ್ನ ಪುಟದಲ್ಲಿ ಹಾಕಿದ್ದೇ ತಡ, ಊರಿಗೆ ಊರೇ ಅದನ್ನು ನೋಡಿ ನಕ್ಕಿತು. ಅಲ್ಲಿಂದ ಅವಳು ಚೀಲದಕ್ಕ. ಮನೆ ಕಳೆದುಕೊಂಡವರೆಲ್ಲ ತಮ್ಮ ಗೋಳನ್ನು ಅವಳಿಗೆ ಕಳಿಸತೊಡಗಿದರು, ಅವಳು ಅದನ್ನು ತನ್ನ ಖಾರದ ಬಾಯಲ್ಲಿ ಹೇಳತೊಡಗಿದಳು. ಮನೆಗೆ ಬದಲು ಮನೆ ಕೊಡಿ ಎಂದು ಅವರು ಹಾಕಿದ ಅರ್ಜಿ ಇನ್ನೂ ಕೋರ್ಟಿನಲ್ಲಿತ್ತು.

ಆದರೆ ಅವಳ ಮುಖವನ್ನು ಯಾರೂ ಕಂಡಿರಲಿಲ್ಲ. ಕೆಲಸದ ಮಾಸ್ಕು ಮೂಗಿನ ಮೇಲೆ, ಟೋಪಿ ಹುಬ್ಬಿನ ಮೇಲೆ. ನಡುವೆ ಎರಡು ಕಣ್ಣು. ಫೋನು ಹಿಡಿಯುತ್ತಿದ್ದವನು ಅವಳ ಮೈದುನ. ಅತ್ತಿಗೆ ಎಂದರೆ ತಾಯಿ ಸಮಾನ ಎಂದು ಲೋಕ ಬಾಯಿಮಾತಿಗೆ ಹೇಳುತ್ತದೆ. ಗಂಡ ಸತ್ತ ಮೇಲೆ ಆ ಹುಡುಗನಿಗೆ ತಲೆಗೆ ಎಣ್ಣೆ ಹಚ್ಚಿ, ಅನ್ನ ಹಾಕಿ, ಮೇಸ್ತ್ರಿಯ ಕಾಲು ಹಿಡಿದು ಇಲ್ಲಿಗೆ ಕರೆಸಿಕೊಂಡವಳು ಇವಳೇ.

"ಅದು ನಾನಲ್ಲ ಸ್ವಾಮಿ," ಎಂದಳು ಈಗ. "ಅಂಥ ಮಾಸ್ಕು ನಮ್ಮಲ್ಲಿ ಎಲ್ಲರೂ ಹಾಕ್ತಾರೆ."

ಸಾಹೇಬ ನಕ್ಕು ತನ್ನ ಫೋನನ್ನು ಅವಳ ಮೂಗಿನ ಹತ್ತಿರ ತಂದ. ಅದರಲ್ಲಿ ಬಕೆಟ್ಟಿನ ಕೋಣೆ, ಗೋಡೆಗೊರಗಿದ ಪೊರಕೆ, ಅವಳು. ಮಾತು ಮುಗಿಸಿ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು ಹಲ್ಲು ಬಿಟ್ಟು ನಗುತ್ತಿದ್ದಾಳೆ. "ಸಾಕು ನಿಲ್ಸೋ ಮಂಗ್ಯಾ, ಚಾ ಆರೋಗುತ್ತೆ," ಎನ್ನುತ್ತಿದ್ದಾಳೆ.

ಆ ತುಂಡನ್ನು ಅವರು ಯಾರಿಗೂ ಕಳಿಸಿರಲಿಲ್ಲ. ಅದು ಇದ್ದದ್ದು ಒಂದೇ ಫೋನಿನಲ್ಲಿ, ಮೈದುನನದರಲ್ಲಿ.

"ಈಗ ನೆನಪಾಯ್ತಾ ಯಾರು ಅಂತ?" ಎಂದ ಸಾಹೇಬ. "ಕ್ಷಮೆ ಕೇಳು, ಬಿಟ್ಟುಬಿಡ್ತಾರೆ. ಇಲ್ಲದಿದ್ರೆ ಇವತ್ತೇ ವಿಮಾನ ಹತ್ತಿಸ್ತೀವಿ. ಅಲ್ಲಿ ಇಳಿದ ಕೂಡಲೇ ನಿನ್ನನ್ನ ಎದುರುಗೊಳ್ಳೋಕೆ ನಮ್ಮ ಪೊಲೀಸರು ಹಾರ ಹಿಡ್ಕೊಂಡು ನಿಂತಿರ್ತಾರೆ."

ಹೇಳಬೇಕಾದ್ದನ್ನು ಅವನೇ ಹೇಳಿಕೊಟ್ಟ. ನಾನು ಹೇಳಿದ್ದೆಲ್ಲ ಸುಳ್ಳು. ವಿರೋಧಿಗಳು ಹೇಳಿಸಿದರು. ಕೆರೆಯಂಚಿನವರಿಗೆಲ್ಲ ಸರ್ಕಾರ ಮನೆ ಕೊಟ್ಟಿದೆ, ನನ್ನ ತಾಯಿಯೂ ಈಗ ಆ ಮನೆಯಲ್ಲಿ ಸುಖವಾಗಿದ್ದಾಳೆ.

ಕ್ಷಮೆ ಕೇಳುವುದು ಚೀಲದಕ್ಕನಿಗೆ ಹೊಸದೇನಲ್ಲ. ತೊಳೆದ ನೆಲದ ಮೇಲೆ ಬೂಟು ಹಾಕಿ ನಡೆದವರನ್ನೂ ಅವಳೇ ಕ್ಷಮೆ ಕೇಳಿದ್ದಳು. ಆದರೆ ಆ ಕೊನೆಯ ಮಾತು ಹೇಳುವಂಥದ್ದಲ್ಲ. ಅವಳ ಬಾಯಿಂದಲೇ ಮನೆ ಸಿಕ್ಕಿತು ಎಂದು ಬಂದರೆ ಕೋರ್ಟಿನಲ್ಲಿ ಆ ಜನರ ಅರ್ಜಿಗೆ ಅಲ್ಲೇ ಮಣ್ಣು.

"ನನ್ನ ಮಾತು ಯಾರೂ ನಂಬಲ್ಲ ಸ್ವಾಮಿ. ಹೊಡೆದು ಹೇಳಿಸಿದಾರೆ ಅಂತಾರೆ."

"ಅದಕ್ಕೇ ನೇರಪ್ರಸಾರ ಮಾಡೋಣ. ಮುಖ ತೋರಿಸ್ಕೊಂಡು, ನಿನ್ನದೇ ಪುಟದಲ್ಲಿ," ಎಂದು ಸಾಹೇಬ ಬಾಗಿಲ ಕಡೆ ತಿರುಗಿ, "ಬಾರಯ್ಯ ಒಳಗೆ," ಎಂದ.

ಮೈದುನ ಒಳಗೆ ಬಂದ. ಮಾಲ್‌ನ ಕಸದ ಗಾಡಿ ತಳ್ಳುವ ಹಳದಿ ಅಂಗಿ ಮೈಮೇಲಿರಲಿಲ್ಲ. ಕಾವಲುಗಾರರ ನೀಲಿ ಸಮವಸ್ತ್ರ, ಕಾಲಲ್ಲಿ ಹೊಸ ಬೂಟು. ತೋಳಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

"ಬರೀ ಕ್ಷಮೆ ಕೇಳಿದ್ರೆ ಬಿಟ್ಟುಬಿಡ್ತೀವಿ ಅಂದಿದಾರೆ ಅತ್ತಿಗೆ," ಎಂದ ನೆಲ ನೋಡುತ್ತ. "ಹೇಳಿಬಿಡು. ಮನೆಗೆ ಹೋಗೋಣ."

"ಯಾವಾಗ ಅಂದಿದ್ದು? ನನ್ನ ಹಿಡಿಯೋಕೆ ಮುಂಚೆನೋ, ಹಿಡಿದ ಮೇಲೋ?"

ಅವನು ಫೋನಿನ ಗಾಜನ್ನು ಅಂಗಿಗೆ ಒರೆಸಿದ.

"ನನ್ನ ಪರವಾನಗಿನೂ ತೆಗೀತೀವಿ ಅಂದ್ರು," ಎಂದ ಕೊನೆಗೆ. "ನಾನೇನು ಮಾಡ್ಲಿ, ನೀನೇ ಹೇಳು."

ನಂಬಿಸಿ ಕತ್ತು ಕೊಯ್ದವನು, ಕತ್ತಿ ಹಿಡಿದು ಕೈ ನೋಯುತ್ತಿದೆ ಎಂದ ಹಾಗಾಯಿತು. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಊಟ ಮಾಡಿದನೋ ಇಲ್ಲವೋ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೈದುನ ಫೋನು ಎತ್ತಿ ಹಿಡಿದ. ಸಾಹೇಬ ಅವನ ಹಿಂದೆ ನಿಂತು ಪರದೆಗೆ ಕಣ್ಣು ಹಾಕಿದ. ಆ ದೇಶದ ಪೊಲೀಸಿನವನು ಮೂಲೆಯ ಕುರ್ಚಿಯಲ್ಲಿ ಆಕಳಿಸುತ್ತಿದ್ದ. ಇವರು ಏನಾದರೂ ಮಾಡಿಕೊಳ್ಳಲಿ, ಅವನ ಕೆಲಸ ಬಾಗಿಲು ಕಾಯುವುದು.

"ಶುರುವಾಯ್ತು ಅತ್ತಿಗೆ," ಎಂದ ಮೈದುನ.

ಚೀಲದಕ್ಕ ಫೋನನ್ನು ನೋಡಿದಳು. ಏನೂ ಹೇಳಲಿಲ್ಲ.

"ಜನ ಬರ್ತಾ ಇದಾರೆ. ಹೇಳು."

ಹೇಳಲಿಲ್ಲ. ಬರಿಮುಖದಲ್ಲಿ ಕೂತಿದ್ದಳು. ಊರಿನವರು ಮೊದಲ ಸಲ ಅವಳ ಮೂಗು, ಬಾಯಿ, ಗಲ್ಲದ ಮೇಲೆ ಕಕ್ಕಸು ತೊಳೆಯುವ ಆಸಿಡ್ಡು ಸಿಡಿದ ಕಲೆ ನೋಡುತ್ತಿದ್ದರು. ನೋಡಲಿ ಎಂದು ತಲೆ ಎತ್ತಿದಳು.

"ಸಾವಿರ ದಾಟಿತು ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ."

ಸಾಹೇಬ ಮೊದಲು ಕೈಯಲ್ಲಿ ಸನ್ನೆ ಮಾಡಿದ. ಆಮೇಲೆ ಹಲ್ಲು ಕಡಿದು ಪಿಸುಗುಟ್ಟಿದ. ಆಮೇಲೆ ಪಿತ್ತ ನೆತ್ತಿಗೇರಿತು. ತನ್ನ ಮುಖ ಕಾಣುತ್ತಿಲ್ಲ ಎಂಬ ಧೈರ್ಯ ಅವನಿಗೆ. ಮುಖ ಕಾಣದಿದ್ದರೆ ಸಾಕೆಂದು ಅವಳೂ ಒಂದು ಕಾಲದಲ್ಲಿ ನಂಬಿದ್ದಳು.

"ಬೊಗಳೇ ಬೋಳಿಮಗಳೆ. ಮನೆ ಕೊಟ್ಟಿದಾರೆ ಅಂತ ಬೊಗಳು. ಕೆಡವಿದ ಮೇಲೆ ಬಾಯಿ ಮುಚ್ಕೊಂಡು ಚರಂಡೀಲಿ ಬಿದ್ದಿರೋಕೆ ನಿಮ್ಮ ಜನಕ್ಕೆ ಏನಾಗಿತ್ತು ರೋಗ? ನಿಮ್ಮಂಥೋರಿಗೆ ಮನೆ ಬೇರೆ ಕೇಡು. ಬೊಗಳ್ತೀಯೋ, ಇಲ್ಲ ನಿಮ್ಮವ್ವನ ಟಾರ್ಪಾಲಿಗೂ ಬೆಂಕಿ ಇಡಿಸ್ಲೋ?"

ಮೈದುನನ ಕೈಯಲ್ಲಿದ್ದ ಫೋನು ಕೆಳಗಿಳಿಯಲಿಲ್ಲ.

"ಕೇಳಿಸ್ಕೊಂಡ್ರಾ?" ಎಂದಳು ಚೀಲದಕ್ಕ ಫೋನಿಗೆ.

ತನ್ನ ದನಿ ಊರಿಗೆಲ್ಲ ಕೇಳಿಸಿತೆಂದು ಸಾಹೇಬನಿಗೆ ಆಗ ತಿಳಿಯಿತು. ಫೋನನ್ನು ಕಿತ್ತು ಗೋಡೆಗೆ ಬಡಿದ. ಅದೇ ಕೈಯಲ್ಲಿ ಮೈದುನನ ಕೆನ್ನೆಗೆ ಬಿಗಿದ. "ಆಫ್ ಮಾಡೋಕೆ ಏನೋ ಬಂದಿತ್ತು ನಿನಗೆ, ಹಡಬೆ ನನ್ನ ಮಗನೆ? ಬೇಕಂತಲೇ ಬಿಟ್ಟೆಯಾ? ನೀನೂ ಇವಳ ಜೊತೆಯವನೇನೋ?"

ಅವನು ಬೇಕೆಂದೇ ಬಿಟ್ಟನೋ, ಹೆದರಿ ಬೆರಳು ಮರಗಟ್ಟಿತೋ ಅವಳಿಗೆ ತಿಳಿಯಲಿಲ್ಲ. ಮುಖ ನೋಡಿದಳು. ಅಲ್ಲೂ ತಿಳಿಯಲಿಲ್ಲ. ಪೊಲೀಸಿನವನು ಎದ್ದು ನಿಂತಿದ್ದ.

"ಅತ್ತಿಗೆ," ಎಂದ ಮೈದುನ ಕೆನ್ನೆ ಹಿಡಿದುಕೊಂಡು. "ನಾನು ಅಂಥೋನಲ್ಲ ಅಂತ ನೀನಾದ್ರೂ ಹೇಳು ಇವರಿಗೆ."

"ಇವನು ಯಾರೋ ನನಗೆ ಗೊತ್ತಿಲ್ಲ ಸ್ವಾಮಿ," ಎಂದಳು ಚೀಲದಕ್ಕ. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಮಾತು ತಿಳಿಯದ ಆ ಪೊಲೀಸಿನವನ ಮುಂದೆ ಹೋಗಿ, ಬೇಡಿ ಹಾಕು ಎಂದು ಎರಡೂ ಕೈ ಚಾಚಿದಳು.