ಅಂಚಿನಲ್ಲಿ ನಡೆದ ಊಟ

"ಅಕ್ಕಾ, ಈ ಸಲಾನೂ ಕೈಕೊಟ್ವಾ?" ಎನ್ನುತ್ತಾ ತಮ್ಮ, ಲ್ಯಾಬಿನ ಕತ್ತಲ ಕೋಣೆಯಲ್ಲಿ ತಡಕಾಡಿ ಸ್ಟೂಲೆಳೆದು ಕೂತ. ಬೆಳಿಗ್ಗೆ ಅಕ್ಕನ ಪ್ರಯೋಗಕ್ಕೆ ರಕ್ತ ಕೊಟ್ಟ ತೋಳಿನ ಮೇಲೆ ಪ್ಲಾಸ್ಟರ್ ಇನ್ನೂ ಇತ್ತು.

ಅವನ ಬಿಳಿ ರಕ್ತಕಣಗಳು ಬಣ್ಣ ಹೀರಿ, ಲೇಸರ್ ಬೆಳಕಿನಲ್ಲಿ ಮೈಕ್ರೋಸ್ಕೋಪಿನ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತಿದ್ದವು. ಪಕ್ಕದಲ್ಲೇ ಸೂಕ್ಷ್ಮ ಮಣಿಗಳು. ಕಣದ ಹೊಟ್ಟೆ ಸೇರಿದರೆ ಮಾತ್ರ ಕೆಂಪಗೆ ಹೊಳೆಯುವಂಥವು. ಕಣ ಮಣಿಯನ್ನು ರೋಗಾಣುವೆಂದು ತಿಳಿದು ನುಂಗಬೇಕು, ನುಂಗುವುದನ್ನು ಅಕ್ಕ ಚಿತ್ರೀಕರಿಸಬೇಕು. ಇಷ್ಟೇ ಕೆಲಸ. ಆದರೆ ಹಾಳಾದವು ಪ್ರತಿ ಸಲವೂ ಸ್ವಲ್ಪ ಹೊತ್ತು ಹರಿದಾಡಿ, ಆಮೇಲೆ ಉಂಡೆಯಾಗಿ ಕೂತುಬಿಡುತ್ತಿದ್ದವು.

"ಇವತ್ತೂ ಆಗದಿದ್ರೆ ವಿಷಯ ಬದಲಾಯಿಸ್ಕೊಮ್ಮಾ" ಎಂದಿದ್ದರು ಅವಳ ಗೈಡ್ ಮೇಡಂ. ಸಂಜೆ ಮೈಕ್ರೋಸ್ಕೋಪು ಬೇರೆ ತಂಡದ ಪಾಲು. ಮದುವೆ, ಮಗು ಎಂದು ಬಿಟ್ಟಿದ್ದ ಸಂಶೋಧನೆಗೆ ಹಟ ಹಿಡಿದು ಮರಳಿದವಳು. ಮತ್ತೆ ಮೊದಲಿನಿಂದ ಶುರುಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ನನ್ನ ಕಣಗಳಲ್ವಾ, ಸೋಮಾರಿಗಳು. ಅಮ್ಮನ್ನ ಕೇಳು ಬೇಕಾದ್ರೆ."

"ಬಾಯ್ಮುಚ್ಕೊಂಡು ಕೂರೋ. ಊಟಕ್ಕೆ ಯಾವತ್ತು ಸೋಮಾರಿಯಾಗಿದ್ದೆ ನೀನು?"

ಸಿಟ್ಟಿನಲ್ಲಿ ಮೈಕ್ರೋಸ್ಕೋಪಿನ ಗುಂಡಿ ತಿರುಗಿಸಿ, ಕಣಗಳಿದ್ದ ಗಾಜಿನ ಡಿಶ್ಶನ್ನು ಅದರ ಅಂಚು ಕಾಣುವವರೆಗೂ ಸರಿಸಿಬಿಟ್ಟಳು. ಅಂಚಿನ ಕಣಗಳನ್ನು ಯಾರೂ ನೋಡುವುದಿಲ್ಲ. ಒಳ್ಳೆಯ ಚಿತ್ರ ನಡುಮಧ್ಯದಲ್ಲೇ ಸಿಗುವುದು. ನೋಡಿದರೆ ಅಲ್ಲಿ ಭರ್ಜರಿ ಊಟ ಮುಗಿದಿತ್ತು! ಒಂದೊಂದು ಕಣದ ಹೊಟ್ಟೆಯಲ್ಲೂ ನಾಲ್ಕೈದು ಕೆಂಪು ಚುಕ್ಕೆ.

"ಅಯ್ಯೋ ನನ್ನ ಬುದ್ಧಿಗಿಷ್ಟು! ನಾನೇ ಕಣೋ ಸುಡ್ತಾ ಇದ್ದದ್ದು!"

"ಏನನ್ನ?"

"ಇವುಗಳನ್ನ. ಚಿತ್ರ ಚೆನ್ನಾಗಿ ಬರ್ಲಿ ಅಂತ ಲೇಸರ್ ಬೆಳಕು ಏರಿಸ್ತಾನೇ ಹೋದೆ. ಬೆಳಕು ಬಿದ್ದಲ್ಲಿ ಸಾಯ್ತಿದ್ವು, ಬೀಳದ ಕಡೆ ಹೊಟ್ಟೆ ತುಂಬಾ ತಿಂತಿದ್ವು."

ಹೊಸ ಡಿಶ್ ಇಟ್ಟಳು. ಬೆಳಕನ್ನು ಇನ್ನೇನು ಆರಿಯೇ ಹೋಯಿತೇನೋ ಎನ್ನುವಷ್ಟು ತಗ್ಗಿಸಿದಳು. ನಿನ್ನೆಯಾಗಿದ್ದರೆ ಇಂಥ ಮಬ್ಬು ಚಿತ್ರವನ್ನು ತಿರುಗಿಯೂ ನೋಡುತ್ತಿರಲಿಲ್ಲ.

"ಏನೂ ಕಾಣ್ತಿಲ್ವಲ್ಲೇ."

"ಷ್! ಅಲ್ಲಿ ನೋಡು."

ಒಂದು ಕಣ ಮಣಿಯ ಕಡೆ ಹರಿಯಿತು. ಮುಟ್ಟಿತು, ನಿಂತಿತು. ಅದರ ಮೈ ಎರಡು ತುಟಿಗಳಾಗಿ ಮಣಿಯ ಸುತ್ತ ಏರಿ, ಕೂಡಿ, ಮುಚ್ಚಿಕೊಂಡಿತು. ಎಷ್ಟೋ ಹೊತ್ತಾದ ಮೇಲೆ ಹಸಿರು ಹೊಟ್ಟೆಯೊಳಗೆ ಕೆಂಪು ಚುಕ್ಕೆಯೊಂದು ಹೊತ್ತಿಕೊಂಡಿತು.

"ನುಂಗಿತು! ನುಂಗೇಬಿಡ್ತು ಕಣೋ!" ಅಕ್ಕ ಅವನ ಬೆನ್ನಿಗೆ ಗುದ್ದಿದಳು. ಕಣ್ಣಲ್ಲಿ ನೀರು.

"ಶಭಾಷ್ ಮರಿ! ನಮ್ಮನೆ ಮಾನ ಉಳಿಸ್ದೆ" ಎಂದ ತಮ್ಮ, ಪರದೆಗೆ.

ಬಾಗಿಲು ತೆರೆಯಿತು. ಮೇಡಂ ಕೈ ಅಭ್ಯಾಸದಂತೆ ಸ್ವಿಚ್ಚಿನ ಕಡೆ ಹೋಯಿತು.

"ಲೈಟ್ ಹಾಕ್ಬೇಡಿ ಮೇಡಂ!"

ಅವರೆದುರು ಅವಳು ಎಂದೂ ದನಿಯೇರಿಸಿದವಳಲ್ಲ. ಮೇಡಂ ಕೈ ಹಿಂದಕ್ಕೆ ಬಂತು. ಪರದೆಯ ಮೇಲೆ ಇನ್ನೊಂದು ಚುಕ್ಕೆ ಕೆಂಪಾಯಿತು.

"ಮೊದಲಿಂದ ರೆಕಾರ್ಡ್ ಆಗಿದ್ಯಾ?"

"ಪೂರ್ತಿ."

ಮೇಡಂ ಅಲ್ಲೇ ನಿಂತು ಸಂಜೆಯ ತಂಡಕ್ಕೆ ಫೋನ್ ಮಾಡಿದರು. "ಇವತ್ತು ಸಂಜೆ ಮೈಕ್ರೋಸ್ಕೋಪ್ ಖಾಲಿ ಇಲ್ಲಪ್ಪಾ. ನಮ್ಮ ಹುಡುಗಿ ಕೆಲಸ ಮಾಡ್ತಿದ್ದಾಳೆ."

ತಮ್ಮ ಎದ್ದು ಸ್ಟೂಲ್ ಬಿಟ್ಟುಕೊಟ್ಟ. ಮೇಡಂ ಗೋಡೆ ಹಿಡಿದು ಹೆಜ್ಜೆಯಿಡುತ್ತಾ ಬಂದು, ಕತ್ತಲಲ್ಲಿ ಸ್ಟೂಲನ್ನು ಮುಟ್ಟಿ ನೋಡಿ ಕೂತರು. ಪರದೆಯ ಮೂಲೆಯಲ್ಲಿ ಮತ್ತೊಂದು ಕಣ ನಿಧಾನವಾಗಿ ಬಾಯಿ ತೆರೆಯುತ್ತಿತ್ತು.