ಬಿಲ್ಡ್ ಬೈಯುವ ಹೊತ್ತು

ಮಧ್ಯಾಹ್ನ ಮೂರಕ್ಕೆ ಬಿಲ್ಡ್ ಶುರುವಾಗುತ್ತಿತ್ತು. ಬೆಳಗಿನಿಂದ ಯಾರು ಏನೇನು ಕೋಡ್ ಬರೆದಿದ್ದಾರೋ ಅದನ್ನೆಲ್ಲ ಯಂತ್ರ ಒಂದೆಡೆ ಸೇರಿಸಿ, ಒಂದೊಂದಾಗಿ ಪರೀಕ್ಷಿಸಿ, ಸರಿಯಿದ್ದರೆ ಪರದೆಯ ಮೇಲೆ ಹಸಿರು, ಎಡವಟ್ಟಾಗಿದ್ದರೆ ಕೆಂಪು ತೋರಿಸುವ ಕೆಲಸ ಅದು. ಮುಗಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಹಾಗಾಗಿ ಮೂರಾಗುತ್ತಿದ್ದಂತೆ ಕುರ್ಚಿಗಳು ಹಿಂದೆ ಸರಿಯುತ್ತಿದ್ದವು. ಎಲ್ಲರೂ ತಂತಮ್ಮ ಲೋಟ ಹಿಡಿದು ಮೂಲೆಯ ಕಾಫಿ ಕೋಣೆಗೆ ಹೋಗಿ ಬಿಲ್ಡನ್ನು ಬೈಯುತ್ತ ನಿಲ್ಲುತ್ತಿದ್ದರು.

ಬೈಯುವುದರಲ್ಲಿ ರೇಡಿಯೋನೇ ಮುಂದು. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಅವನು ಬಾಯಿ ಮುಚ್ಚಿದ್ದನ್ನು ಕಂಡವರಿರಲಿಲ್ಲ, ಅದಕ್ಕೇ ಆ ಹೆಸರು. ಬಸುರಿಯನ್ನು ಈ ಬಿಲ್ಡಿನ ಪಕ್ಕ ಕೂರಿಸಿದರೆ ಹಸಿರು ಬರುವ ಹೊತ್ತಿಗೆ ಮಗುವಿಗೆ ಹಲ್ಲು ಬಂದಿರುತ್ತದೆ ಎಂದು ಒಂದು ದಿನ ಹೇಳಿದರೆ, ಮರುದಿನ ಆ ಮಗುವನ್ನು ಶಾಲೆಗೆ ಸೇರಿಸುತ್ತಿದ್ದ. ಟೆಸ್ಟಿಂಗ್ ಮಾಡುವ ಅಕ್ಕ ಮುಖದಲ್ಲಿ ನಗೆಯೇ ಇಲ್ಲದೆ ಅದಕ್ಕೊಂದು ಮಾತು ಸೇರಿಸುತ್ತಿದ್ದಳು. ಅಲ್ಲಿಂದ ಮಾತು ಯಾವ ಗುಂಡಿ ಒತ್ತಿದರೂ ಬಿಸಿನೀರನ್ನೇ ಕೊಡುವ ಕಾಫಿ ಮೆಷಿನ್ನಿಗೆ ಹೋಗುತ್ತಿತ್ತು. ಅದು ಮುಗಿದರೆ ಅರ್ಧ ಜನರನ್ನು ನಡುಗಿಸಿ ಅರ್ಧ ಜನರನ್ನು ಬೆವರಿಸುವ ಏಸಿ. ಅದೂ ಮುಗಿದರೆ ತಿಂಗಳು ತಿಂಗಳೂ ಪಾಸ್‌ವರ್ಡ್ ಬದಲಿಸಿ ಎಂದು ಪ್ರಾಣ ತಿನ್ನುವ ಸೆಕ್ಯುರಿಟಿಯವರು. ಇವರಿಗೆ 'ಹರಟೆ ಕಟ್ಟೆ' ಎಂದು ಒಂದು ಚಾಟ್ ಗುಂಪೂ ಇತ್ತು. ಅಲ್ಲಿ ಕೆಲಸದ ಮಾತು ಆಡಬಾರದು ಎಂಬುದು ನಿಯಮ. ಬಿಲ್ಡನ್ನು ಬೈಯುವುದಕ್ಕೆ ಮಾತ್ರ ವಿನಾಯಿತಿ.

ತಂಡದಲ್ಲಿ ಹಿರಿಯನಾದ ಪ್ರೋಗ್ರಾಮರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಅವನು ಕೋಣೆಗೆ ಬಂದು, "ಇದರ ಹಣೆಬರಹ ಇಷ್ಟೇ" ಎಂದು ತನ್ನ ಪಾಲಿನ ಒಂದು ವಾಕ್ಯ ಹೇಳಿ, ಲೋಟವನ್ನು ಅರ್ಧಕ್ಕೇ ಇಟ್ಟು ಹೊರಗೆ ಹೋಗುತ್ತಿದ್ದ. ಹಸಿರು ಬರುವ ಸ್ವಲ್ಪ ಮುಂಚೆ ವಾಪಸು ಬರುತ್ತಿದ್ದ. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮಾವ ಮೊದಲೇ ಇದ್ದುದರಿಂದ ತಂಡಕ್ಕೆ ಹೊಸದಾಗಿ ಸೇರಿದವಳು ಸೊಸೆಯಾದಳು.

ಸೊಸೆಯ ಹಳೆಯ ಕಂಪನಿ ಬಾಗಿಲು ಹಾಕಿದ ಮೇಲೆ ಅವಳಿಗೆ ಬಹಳ ಕಾಲ ಕೆಲಸ ಸಿಕ್ಕಿರಲಿಲ್ಲ. ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಗೆ ಬಂದಿದ್ದಳು. ಅವರು ಕೊಟ್ಟ ಕೋಣೆಯಲ್ಲಿ ಇಸ್ತ್ರಿ ಮೇಜು ಇತ್ತು. ಮೊದಲ ತಿಂಗಳು ಅತ್ತಿಗೆ ಇಸ್ತ್ರಿ ಮಾಡಲು ಬರುವಾಗ ಬಾಗಿಲು ತಟ್ಟುತ್ತಿದ್ದಳು. ಆಮೇಲೆ ತಟ್ಟಿಕೊಂಡೇ ಒಳಗೆ ಬರುತ್ತಿದ್ದಳು. ಈಗ ತಟ್ಟುವುದನ್ನೂ ಬಿಟ್ಟಿದ್ದಳು. ಅತ್ತಿಗೆ ಕೆಟ್ಟವಳೇನೂ ಅಲ್ಲ. ಅವಳ ಮನೆ, ಅವಳ ಇಸ್ತ್ರಿ ಮೇಜು.

ಈ ಕೆಲಸ ಸಿಕ್ಕಾಗ ಮೊದಲು ಪ್ರೊಬೇಷನ್ ಎಂದಿದ್ದರು. ಅದು ಈ ಶುಕ್ರವಾರ ಮುಗಿಯುತ್ತಿತ್ತು. ಕೊಟ್ಟ ಕೆಲಸವನ್ನು ಎಲ್ಲರೂ ಮಾಡುತ್ತಾರೆ, ನೀವಾಗಿಯೇ ಮಾಡಿದ್ದು ಏನಾದರೂ ಒಂದು ತೋರಿಸಿ, ಖಾಯಂ ಮಾಡಲು ನನಗೆ ಬರೆಯಲಿಕ್ಕೆ ಏನಾದರೂ ಬೇಕಲ್ಲ ಎಂದು ಮ್ಯಾನೇಜರ್ ಗಾಜಿನ ಕೋಣೆಗೆ ಕರೆದು ಹೇಳಿದ್ದರು. ಖಾಯಂ ಆದರೆ ಬೇರೆ ಮನೆ ಹುಡುಕಬಹುದು. ಅವಳಿಗೆ ಬೇಕಾಗಿದ್ದುದು ಅಷ್ಟೇ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ತೋರಿಸಲು ಏನಿದೆ ಎಂದು ಹುಡುಕುತ್ತಿದ್ದವಳಿಗೆ ಬಿಲ್ಡ್ ಕಣ್ಣಿಗೆ ಬಿದ್ದದ್ದು ಸಹಜ. ಎಲ್ಲರೂ ಅಷ್ಟೊಂದು ಬೈಯುವ ವಸ್ತುವನ್ನು ಸರಿಮಾಡಿದರೆ ಯಾರಿಗೆ ಬೇಡ? ಮಂಗಳವಾರ ಕೂತು ಅದರ ಹೊಟ್ಟೆ ಬಗೆದಳು. ಒಳಗೆ ಇದ್ದುದು ನಗು ಬರುವಂಥ ಸಂಗತಿ. ಹಿಂದೊಮ್ಮೆ ಈ ಪರೀಕ್ಷೆಗಳೆಲ್ಲ ಒಂದು ಹಳೆಯ ಯಂತ್ರದ ಮೇಲೆ ನಡೆಯುತ್ತಿದ್ದವು. ಅದಕ್ಕೆ ಏದುಸಿರು ಬರುತ್ತದೆಂದು ಪ್ರತಿ ಪರೀಕ್ಷೆಯ ನಂತರ ಸ್ವಲ್ಪ ಹೊತ್ತು ಕಾಯಬೇಕು ಎಂದು ಯಾರೋ ಬರೆದಿದ್ದರು. ಆ ಯಂತ್ರವನ್ನು ಗುಜರಿಗೆ ಹಾಕಿ ವರ್ಷಗಳಾಗಿದ್ದವು, ಕಾಯುವುದು ಮಾತ್ರ ಹಾಗೇ ಉಳಿದಿತ್ತು. ಇಲ್ಲದ ಯಂತ್ರ ಸುಧಾರಿಸಿಕೊಳ್ಳಲಿ ಎಂದು ಹೊಸ ಯಂತ್ರ ದಿನವೂ ಕೈಕಟ್ಟಿ ಕೂರುತ್ತಿತ್ತು. ಅವಳು ತನ್ನದೊಂದು ಪ್ರತಿ ಮಾಡಿಕೊಂಡು, ಕಾಯುವ ಸಾಲುಗಳನ್ನು ತೆಗೆದು ಓಡಿಸಿ ನೋಡಿದಳು. ಅವಳು ನೀರು ಕುಡಿದು ಬರುವಷ್ಟರಲ್ಲಿ ಹಸಿರು ಬಂದಿತ್ತು.

ಬುಧವಾರ ಮೂರಕ್ಕೆ ಎಲ್ಲರೂ ಕಾಫಿ ಕೋಣೆಯಲ್ಲಿ ಸೇರಿದಾಗ ರೇಡಿಯೋ ಆ ಮಗುವಿಗೆ ಕಾಲೇಜು ಮುಗಿಸಿ ಇದೇ ಕಂಪನಿಯಲ್ಲಿ ಕೆಲಸ ಕೊಡಿಸುತ್ತಿದ್ದ. ಅವನು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಅವಳು ಬಾಯಿ ಹಾಕಿದಳು.

"ಬಿಲ್ಡ್ ಯಾಕೆ ಅಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಾಯ್ತು. ನಾನು ಸರಿಮಾಡಿದೀನಿ. ಹತ್ತು ನಿಮಿಷಾನೂ ಬೇಡ."

ರೇಡಿಯೋ ಬಾಯಿ ಮುಚ್ಚಿದ್ದನ್ನು ಅವಳು ಅವತ್ತು ಕಂಡಳು. ಮಾವ ಲೋಟದೊಳಗೆ ನೋಡಿದ, ಗೋಡೆಯ ಗಡಿಯಾರ ನೋಡಿದ, ಆಮೇಲೆ ತನ್ನ ವಾಕ್ಯವನ್ನೂ ಹೇಳದೆ ಹೊರಟುಹೋದ. ಅಕ್ಕ ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

"ಇವತ್ತು ಕಾಫಿ ಸ್ವಲ್ಪ ಕಾಫಿ ಥರಾನೇ ಇದೆ, ಅಲ್ವಾ" ಎಂದ ರೇಡಿಯೋ. ಆ ಮೆಷಿನ್ನಿನ ಬಗ್ಗೆ ಅವನ ಬಾಯಲ್ಲಿ ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಅವನಿಗೂ ಅದು ಸರಿಹೋಗಲಿಲ್ಲವೇನೋ, ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ತನ್ನ ಜಾಗಕ್ಕೆ ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದಾಗ ಅಕ್ಕ ನಲ್ಲಿ ನಿಲ್ಲಿಸಿದಳು.

"ನಿನಗೆ ಇವತ್ತು ಗೊತ್ತಾಯ್ತು. ನಮಗೆ ಆ ಹಳೇ ಮೆಷಿನ್ ಹೊತ್ಕೊಂಡು ಹೋದ ದಿನದಿಂದ ಗೊತ್ತು."

"ಮತ್ತೆ ದಿನಾ ಯಾಕೆ ಬೈತೀರ?"

"ಬೈಯದೇ ಇದ್ರೆ ಮ್ಯಾನೇಜರ್‌ಗೆ ಅನುಮಾನ ಬರಲ್ವಾ? ಒಂದು ಗಂಟೆ ಸುಮ್ನೆ ನಿಂತ್ಕೊಳ್ಳೋಕೆ ಸಿಕ್ಕಿ ಯಾರೂ ಗೊಣಗಲ್ಲ ಅಂದ್ರೆ ಏನರ್ಥ?"

ಮಾವ ಎಲ್ಲಿಗೆ ಹೋಗುತ್ತಾನೆಂಬುದನ್ನೂ ಅಕ್ಕನೇ ಹೇಳಿದಳು. ಅವನ ಮಗಳ ಶಾಲೆ ಮೂರಕ್ಕೆ ಬಿಡುತ್ತದೆ. ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆ ಸೇರುವುದು ಮೂರೂವರೆಯ ಹೊತ್ತಿಗೆ. ಆ ಮಗುವಿಗೆ ಮೂರ್ಛೆ ಬರುತ್ತದೆ. ಒಮ್ಮೆ ಪಕ್ಕದ ಮನೆಯಲ್ಲಿ ಬಿಟ್ಟಾಗಲೇ ಬಂದು, ಅವರು ಹೆದರಿ ಇನ್ನು ಬೇಡಪ್ಪಾ ಎಂದರು. ದಿನಾ ಮೂರಕ್ಕೆ ಹೊರಗೆ ಹೋಗಲು ಮ್ಯಾನೇಜರ್ ಹತ್ತಿರ ಅನುಮತಿ ಕೇಳಿದರೆ ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದರು. ಮತ್ತೊಮ್ಮೆ ಕೇಳಿದಾಗಲೂ ಅದನ್ನೇ ಅಂದರು. ಮೂರನೆಯ ಸಲ ಮಾವ ಕೇಳಲಿಲ್ಲ. ಹಿಂದೆ ಬೆಳಿಗ್ಗೆ ಓಡುತ್ತಿದ್ದ ಬಿಲ್ಡ್ ಮಧ್ಯಾಹ್ನ ಮೂರಕ್ಕೆ ಬಂದದ್ದು ಆಮೇಲೆ.

"ಅಂದ್ರೆ ಇದೆಲ್ಲ ಮಾವನಿಗೋಸ್ಕರಾನಾ?"

"ಅಷ್ಟೊಂದು ಒಳ್ಳೆಯವರಲ್ಲಮ್ಮ ನಾವು" ಎಂದಳು ಅಕ್ಕ. "ನನಗೆ ಬೆನ್ನುನೋವು, ಕೂತ್ರೆ ಏಳೋಕಾಗಲ್ಲ. ಈ ಕಟ್ಟೆಗೆ ಒರಗಿ ನಿಂತ್ರೆ ಸಂಜೆ ತನಕ ಹೇಗೋ ತಳ್ತೀನಿ. ರೇಡಿಯೋಗೆ ಮಾತಾಡ್ದೆ ಇದ್ರೆ ಊಟ ಅರಗಲ್ಲ. ಒಬ್ಬೊಬ್ಬರಿಗೆ ಒಂದೊಂದು."

"ಶುಕ್ರವಾರ ನಾನು ಏನಾದ್ರೂ ತೋರಿಸ್ಬೇಕು ಅಕ್ಕಾ."

"ಗೊತ್ತು. ತೋರಿಸ್ಬೇಡ ಅಂತ ನಾನು ಹೇಳಲ್ಲ. ನಿನ್ನ ಹೊಟ್ಟೆಪಾಡು ನಿನ್ನದು." ಅಕ್ಕ ಕೈ ಒರೆಸಿಕೊಂಡಳು. "ಆದ್ರೆ ಯಾರಾದ್ರೂ ಗೊಣಗಿದ ತಕ್ಷಣ ರಿಪೇರಿ ಮಾಡೋಕೆ ಹೋಗ್ಬೇಡ. ನನ್ನ ಗಂಡನಿಗೂ ಇದೇ ಚಟ. ತಲೆನೋವು ಅಂದ್ರೆ ಮಾತ್ರೆ ತಂದಿಡ್ತಾನೆ, ಯಾಕೆ ಅಂತ ಮಾತ್ರ ಕೇಳಲ್ಲ."

ಸಂಜೆ ಮನೆಯಲ್ಲಿ ಅತ್ತಿಗೆ ಇಸ್ತ್ರಿ ಮಾಡುತ್ತ, ಶುಕ್ರವಾರ ಏನು ಹೇಳುತ್ತಾರಂತೆ ಎಂದು ಕೇಳಿದಳು. ಮುಂದಿನ ತಿಂಗಳು ಅತ್ತಿಗೆಯ ಅಮ್ಮ ಬಂದಿರುತ್ತಾರಂತೆ, ಮೊಣಕಾಲಿನ ಚಿಕಿತ್ಸೆಗೆ. ಅದನ್ನು ಅವಳು ಯಾವುದಕ್ಕೂ ಜೋಡಿಸಲಿಲ್ಲ, ಸುಮ್ಮನೆ ಹೇಳಿದಳು. ಖಾಯಂ ಆಗುತ್ತೆ, ಕೈಯಲ್ಲೊಂದು ಕೆಲಸ ಮುಗಿಸಿಟ್ಟಿದೀನಿ ಎಂದಳು ಸೊಸೆ. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ, ಹಾಗಾದ್ರೆ ಒಳ್ಳೇದಾಯ್ತು ಎಂದ.

ಗುರುವಾರ ಮೂರಕ್ಕೆ ಅವಳು ಕಾಫಿ ಕೋಣೆಗೆ ಹೋಗಲಿಲ್ಲ. ನಿಜವಾಗಿಯೂ ತಲೆ ನೋಯುತ್ತಿತ್ತು. ಮಾತ್ರೆ ತರಲು ಕೆಳಗಿಳಿದು ಬೀದಿಯ ತುದಿಯ ಔಷಧಿ ಅಂಗಡಿಗೆ ಹೋದಳು. ಚಿಲ್ಲರೆಗೆ ಕಾಯುತ್ತ ನಿಂತಾಗ ಎದುರಿನ ಕಾಲುದಾರಿಯಲ್ಲಿ ಮಾವ ಕಂಡ. ಹೆಗಲಿಗೆ ಹುಡುಗಿಯ ಚೀಲ. ಬಣ್ಣ ಬಣ್ಣದ ಚಿಟ್ಟೆಗಳಿದ್ದ ಚಿಕ್ಕ ಚೀಲ, ಅವನ ಹೆಗಲಿಗೆ ಪಟ್ಟಿ ಸಾಲದೆ ಒಂದೇ ಕಡೆ ನೇತಾಡುತ್ತಿತ್ತು. ಹುಡುಗಿ ಚಪ್ಪಲಿ ರಿಪೇರಿಯವನ ಮುಂದೆ ನಿಂತು ಅವನು ಹೊಲಿಯುವುದನ್ನು ನೋಡುತ್ತಿದ್ದಳು. ಮಾವ ಗಡಿಯಾರ ನೋಡಿಕೊಂಡ. ಆದರೆ ಬಾ ಎಂದು ಎಳೆಯಲಿಲ್ಲ. ಅವಳು ನೋಡಿ ಮುಗಿಸುವ ತನಕ ನಿಂತ.

ಸೊಸೆಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ತಲೆನೋವು ಇವತ್ತೇ ಬರಬೇಕಿತ್ತೇ? ಬೇರೆ ಅಂಗಡಿ ಇರಲಿಲ್ಲವೇ? ಅವಳು ಮಾತ್ರೆಯನ್ನು ಅಲ್ಲೇ, ನೀರಿಲ್ಲದೆ ನುಂಗಿದಳು.

ಶುಕ್ರವಾರ ಬೆಳಿಗ್ಗೆ ಲಿಫ್ಟಿನಲ್ಲಿ ಮಾವ ಸಿಕ್ಕಿದ. ಲಿಫ್ಟ್ ಎಂದಿನಂತೆ ಎರಡು ಮಹಡಿಗಳ ನಡುವೆ ನಿಂತು ಯೋಚನೆ ಮಾಡುತ್ತಿತ್ತು.

"ಇವತ್ತಲ್ವಾ ನಿನ್ನದು?"

"ಹೂಂ. ಎರಡೂವರೆಗೆ."

"ತೋರಿಸು ಸೊಸೆ" ಎಂದ ಮಾವ, ಬಾಗಿಲ ಕಡೆ ನೋಡುತ್ತ. "ಇವತ್ತಲ್ಲ ನಾಳೆ ಯಾರಾದ್ರೂ ತೆಗೆದೇ ತೆಗೀತಾರೆ. ನಾನೇನೂ ಅಂದ್ಕೊಳ್ಳಲ್ಲ." ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿ, "ಅಂದ್ಕೊಂಡ್ರೂ ಹೇಳಲ್ಲ" ಎಂದ.

"ಆಮೇಲೆ ಮಗಳನ್ನ ಏನ್ಮಾಡ್ತೀರ?"

"ಅವಳಮ್ಮ ಕೆಲಸ ಬಿಡಬೇಕಾಗುತ್ತೆ. ಅವಳಿಗೆ ಬಿಡೋಕೆ ಇಷ್ಟ ಇಲ್ಲ. ಇಲ್ಲಾಂದ್ರೆ ನಾನು ಬಿಡ್ತೀನಿ, ನನಗೆ ಇಷ್ಟ ಇದೆ." ಲಿಫ್ಟ್ ಜರ್ರನೆ ಮೇಲೆದ್ದಿತು. "ತಮಾಷೆಗೆ ಅಂದೆ. ನನ್ನ ವಯಸ್ಸಿಗೆ ಬಿಟ್ರೆ ಮತ್ತೆ ಯಾರು ಕೊಡ್ತಾರೆ ಕೆಲಸ?"

ಎರಡೂವರೆಗೆ ಅವಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಗಾಜಿನ ಕೋಣೆಯ ಹೊರಗೆ ನಿಂತಿದ್ದಳು. ಸರಿಮಾಡಿದ ಬಿಲ್ಡ್ ಅದರಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಮ್ಯಾನೇಜರರ ಕಣ್ಣೆದುರೇ ಹಸಿರು ಬರುತ್ತಿತ್ತು. ಒಳಗೆ ಹೋಗುವವರೆಗೂ ಅವಳು ಒತ್ತುವವಳೇ ಆಗಿದ್ದಳು.

ಮ್ಯಾನೇಜರ್ ಬಾಟಲಿಯ ಮುಚ್ಚಳ ತಿರುಗಿಸುತ್ತ, ಹೇಳಿ, ಏನು ತಂದಿದೀರಿ ಎಂದರು. ಅವಳು ಲ್ಯಾಪ್‌ಟಾಪ್ ತೆರೆದಳು. ಪರದೆ ಬೆಳಗಿತು. ಅವಳು ಲಾಗಿನ್ ಪುಟದ ಕಾಗುಣಿತ ತಪ್ಪುಗಳನ್ನು ಎಂದೋ ಬಿಡುವಿನಲ್ಲಿ ತಿದ್ದಿದ್ದನ್ನು ತೋರಿಸಿದಳು. ಎಲ್ಲ ಹದಿನಾರು ತಪ್ಪುಗಳನ್ನೂ, ನಿಧಾನವಾಗಿ, ಒಂದೊಂದಾಗಿ.

ಮ್ಯಾನೇಜರ್ ತಾಳ್ಮೆಯಿಂದ ನೋಡಿದರು. ಇನ್ನೇನಾದರೂ ಇದೆಯೇ ಎಂದರು. ಇಲ್ಲ ಎಂದಳು. ನೀವು ಬುದ್ಧಿವಂತರು, ಆದರೆ ಕಾಗುಣಿತ ತಿದ್ದಿದ್ದಕ್ಕೆ ಖಾಯಂ ಮಾಡಿ ಎಂದು ನಾನು ಮೇಲಿನವರಿಗೆ ಬರೆಯುವ ಹಾಗಿಲ್ಲ, ಇನ್ನೂ ಮೂರು ತಿಂಗಳು ನೋಡೋಣ ಎಂದರು. ಅವಳು ಏಳುತ್ತಿದ್ದಾಗ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು.

"ಮಂಗಳವಾರ ನೀವು ಬಿಲ್ಡ್ ಏನೋ ಬಿಚ್ಚಿ ನೋಡ್ತಿದ್ರಂತೆ?"

ಬಾಗಿಲ ಹಿಡಿ ಅವಳ ಕೈಯಲ್ಲಿತ್ತು. ಈಗಲೂ ಕೂರಬಹುದಿತ್ತು.

"ನೋಡಿದೆ ಸರ್. ಹಳೇ ಗಂಟು. ಒಂದು ಬಿಚ್ಚೋಕೆ ಹೋದ್ರೆ ಇನ್ನೊಂದು ಬಿಗಿಯುತ್ತೆ."

"ಎಲ್ಲರೂ ಹಾಗೇ ಹೇಳ್ತಾರೆ" ಎಂದರು ಮ್ಯಾನೇಜರ್. ಅವರ ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮುಚ್ಚಳ ಮತ್ತೆ ತಿರುಗತೊಡಗಿತು.

ತನ್ನ ಜಾಗಕ್ಕೆ ಬಂದು ಅವಳು ಮಂಗಳವಾರದ ಪ್ರತಿಯನ್ನು ಅಳಿಸಿದಳು. ಅಷ್ಟರಲ್ಲಿ ಕುರ್ಚಿಗಳು ಹಿಂದೆ ಸರಿದವು.

ಕಾಫಿ ಕೋಣೆಯಲ್ಲಿ ಮೂವರೂ ಇದ್ದರು. ಯಾರೂ ಬೈಯುತ್ತಿರಲಿಲ್ಲ.

"ಏನಾಯ್ತು?" ಎಂದ ರೇಡಿಯೋ.

"ಇನ್ನೂ ಮೂರು ತಿಂಗಳು."

ರೇಡಿಯೋ ಮಾವನನ್ನು ನೋಡಿದ. ಮಾವ ಏನೋ ಹೇಳಲು ಬಾಯಿ ತೆರೆದ. ಗಡಿಯಾರದ ಮುಳ್ಳು ಮೂರು ದಾಟಿತ್ತು, ಆದರೂ ಹೋಗದೆ ಲೋಟ ಹಿಡಿದು ನಿಂತೇ ಇದ್ದ. ಅವನು ಧನ್ಯವಾದ ಹೇಳಿಬಿಟ್ಟಾನೆಂದು ಅವಳಿಗೆ ಭಯವಾಯಿತು. ಅದನ್ನು ಕೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ.

"ಹೋಗಿ ಮಾವ. ಮಗು ಕಾಯ್ತಿರುತ್ತೆ."

ಅವನು ಲೋಟವನ್ನು ಅರ್ಧಕ್ಕೇ ಇಟ್ಟು ಹೋದ. ಅವನ ಹೆಜ್ಜೆ ಮೆಟ್ಟಿಲ ಕಡೆಗೆ ಕೇಳಿಸಿತು. ಲಿಫ್ಟನ್ನು ನಂಬಿ ಕೂರುವಷ್ಟು ಹೊತ್ತಿರಲಿಲ್ಲ.

ಅವಳು ಮೆಷಿನ್ನಿನ ಗುಂಡಿ ಒತ್ತಿದಳು. ಬಿಸಿನೀರು ಬಂತು.

"ಈ ಬಿಲ್ಡಿನ ಮನೆ ಹಾಳಾಗ" ಎಂದಳು. "ಇದನ್ನ ಬರೆದವನ ಕೈಗೆ ಲಕ್ವ ಹೊಡೀಲಿ. ಇದನ್ನ ಇಟ್ಕೊಂಡಿರೋ ಕಂಪನಿಗೆ ಬೆಂಕಿ ಬೀಳ್ಲಿ."

ಗಾಜಿನ ಕೋಣೆಗೂ ಕೇಳುವಷ್ಟು ಜೋರಾಗಿತ್ತು. ರೇಡಿಯೋ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಅಕ್ಕ ತಾನು ಬೆನ್ನು ಒರಗಿಸುವ ಕಟ್ಟೆಯಲ್ಲಿ ಸ್ವಲ್ಪ ಆಚೆ ಸರಿದು ಜಾಗ ಬಿಟ್ಟಳು. ಸೊಸೆ ಅಲ್ಲಿ ಒರಗಿದಳು. ಕಲ್ಲಿನ ಅಂಚು ಬೆನ್ನಿಗೆ ಸರಿಯಾಗಿ ಸಿಗುತ್ತಿತ್ತು. ಅಕ್ಕ ಹೇಳಿದ್ದು ಸುಳ್ಳಲ್ಲ.

ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಅತ್ತಿಗೆಯ ಮೆಸೇಜು: ಏನಂದ್ರು? ಅವಳು ಅದನ್ನು ಓದಿ, ಫೋನನ್ನು ಬೋರಲು ಹಾಕಿ ಕಟ್ಟೆಯ ಮೇಲಿಟ್ಟಳು.

"ಆ ಮಗು ಏನಾಯ್ತು ರೇಡಿಯೋ?" ಎಂದಳು. "ಕೆಲಸಕ್ಕೆ ಸೇರಿತ್ತಲ್ಲ."

ರೇಡಿಯೋ ಅವಳ ಪಕ್ಕಕ್ಕೆ ಬಂದು ನಿಂತ.

"ಪ್ರೊಬೇಷನ್‌ನಲ್ಲಿದೆ" ಎಂದ.